ಅಕ್ಕಿ ಡಬ್ಬದೊಳಗಿನ ಕ್ಯಾಮೆರಾ

ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅತ್ತೆ ಮೊದಲ ತುತ್ತನ್ನು ಮೂಗಿನ ಹತ್ತಿರ ಹಿಡಿದು ಹಾಗೇ ನಿಲ್ಲಿಸಿದರು. "ಏನವ್ವ ಇದು, ಅನ್ನ ಹೊಸಾ ಚಪ್ಪಲಿ ವಾಸ್ನೆ ಹೊಡೀತಾ ಅದೆ?" ಎಂದರು. ಪನಮರಂ ಕಡೆಯಿಂದ ತರಿಸಿದ ಗಂಧಕಶಾಲ ಅಕ್ಕಿ ಅದು. ಬೇಯುವಾಗ ಪಕ್ಕದ ಮನೆಯವರೂ ಏನಾದರೂ ನೆಪ ಮಾಡಿಕೊಂಡು ಬಾಗಿಲಿಗೆ ಬರುವಂಥ ಪರಿಮಳ ಅದಕ್ಕೆ. ಅಂಥ ಅಕ್ಕಿಗೆ ಚಪ್ಪಲಿಯ ವಾಸನೆ ಹತ್ತಿಸಿದ ಕೀರ್ತಿ ನನ್ನದು. ಮಳೆಗಾಲ ಹಿಡಿದ ದಿನ ಒಂದು ಕ್ಯಾಮೆರಾವನ್ನು ಅದರ ಚರ್ಮದ ಚೀಲದ ಸಮೇತ ಪಂಚೆಯ ತುಂಡಿನಲ್ಲಿ ಸುತ್ತಿ ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟು ಮರೆತಿದ್ದೆ. ಮರೆತಿದ್ದೆ ಎನ್ನುವುದು ಸುಳ್ಳು. ಮರೆಯಬೇಕೆಂದೇ ಅಷ್ಟು ಆಳದಲ್ಲಿ ಇಟ್ಟಿದ್ದೆ.

ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ನಮ್ಮ ಬತ್ತೇರಿಯ ಮಳೆಗಾಲ ನೀವು ಕಂಡಿರದಿದ್ದರೆ ಕ್ಯಾಮೆರಾವನ್ನು ಅಕ್ಕಿಯಲ್ಲಿ ಇಡುವ ವಿಚಾರ ವಿಚಿತ್ರವೆನಿಸಬಹುದು. ಇಲ್ಲಿ ಬೂಷ್ಟು ಹಿಡಿಯದ ವಸ್ತುವಿಲ್ಲ. ಬೆಲ್ಟಿಗೆ ಹಿಡಿಯುತ್ತದೆ, ಮದುವೆಯ ಆಲ್ಬಮ್ಮಿಗೆ ಹಿಡಿಯುತ್ತದೆ, ಕನ್ನಡಕದ ಪೆಟ್ಟಿಗೆಗೂ ಹಿಡಿಯುತ್ತದೆ. ಕ್ಯಾಮೆರಾದ ಮಸೂರದೊಳಗೆ ಅದು ಜೇಡರ ಬಲೆಯಂತೆ ಹಬ್ಬಿದರೆ ಮುಗಿಯಿತು. ಅಕ್ಕಿ ತೇವ ಹೀರುತ್ತದೆ ಎಂದು ಅಪ್ಪ ತಮ್ಮ ರೀಲಿನ ಕ್ಯಾಮೆರಾವನ್ನು ಜೂನ್‌ನಿಂದ ಓಣಂವರೆಗೆ ಅಕ್ಕಿಯಲ್ಲೇ ಇಡುತ್ತಿದ್ದರು.

ಅಪ್ಪನ ಫೋಟೋ ತೆಗೆಯುವ ರೀತಿಯನ್ನು ಇಲ್ಲಿ ಹೇಳಲೇಬೇಕು. ಅವರ ಕ್ಯಾಮೆರಾದ ಮಸೂರದ ಸುತ್ತ ಒಂದು ಬಳೆ. ಬಳೆಯ ಮೇಲೆ ಐದಡಿ, ಏಳಡಿ, ಹತ್ತಡಿ ಎಂದು ಗುರುತು. ನಮ್ಮನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿ, ನಮ್ಮ ಪಾದದಿಂದ ಹಿಡಿದು ಹಿಂದಕ್ಕೆ ಹೆಜ್ಜೆ ಎಣಿಸುತ್ತ ಹೋಗುತ್ತಿದ್ದರು. ಎಣಿಕೆ ತಪ್ಪಿದರೆ ಮತ್ತೆ ಗೋಡೆಯ ಹತ್ತಿರ ಬಂದು ಒಂದರಿಂದ ಶುರು. ಅಷ್ಟರಲ್ಲಿ ನಮ್ಮ ನಗು ಮುಖದಲ್ಲೇ ಒಣಗಿರುತ್ತಿತ್ತು. ನಮ್ಮ ಮನೆಯ ಹಳೆಯ ಫೋಟೋಗಳಲ್ಲಿ ಎಲ್ಲರೂ ಸ್ವಲ್ಪ ಸಿಟ್ಟಾಗಿ ಕಾಣುವುದಕ್ಕೆ ಇದೇ ಕಾರಣ. ಆದರೆ ಗುಂಡಿ ಒತ್ತುವ ಮೊದಲು ಎದುರಿಗಿರುವವರು ತಮ್ಮಿಂದ ಎಷ್ಟು ದೂರದಲ್ಲಿದ್ದಾರೆ ಎಂಬುದು ಅಪ್ಪನ ಕಾಲಿಗೆ ಗೊತ್ತಿರುತ್ತಿತ್ತು.

ಅಕ್ಕಿಯೊಳಗೆ ಹೂತಿಟ್ಟ ಕ್ಯಾಮೆರಾ ಅಪ್ಪನದಲ್ಲ. ಚಿಕ್ಕಪ್ಪನ ಮಗ, ಮೈಸೂರಿನಲ್ಲಿ ಹಲ್ಲಿನ ಡಾಕ್ಟರಾಗಿರುವ ಪ್ರಸನ್ನನದು. ಹೊರಗಿನಿಂದ ನೋಡಿದರೆ ಅಪ್ಪನ ಕ್ಯಾಮೆರಾದ ತಮ್ಮನೇ. ಬೆಳ್ಳಿ ಬಣ್ಣದ ತಲೆ, ಮೈಗೆ ಕಪ್ಪು ಚರ್ಮ, ಕಿರ್ ಕಿರ್ ಎಂದು ತಿರುಗುವ ಮೂರು ಚಕ್ರಗಳು. ಒಳಗೆ ಮಾತ್ರ ಪೂರ್ತಿ ಡಿಜಿಟಲ್.

ಸುಳ್ಳೇಕೆ, ನನಗೂ ಅದು ಬಹಳ ಹಿಡಿಸಿತ್ತು. ಫೆಬ್ರವರಿಯಲ್ಲಿ ಅವನು ಅದನ್ನು ಕೊರಳಿಗೆ ಹಾಕಿಕೊಂಡು ನಮ್ಮ ಮನೆಗೆ ಬಂದಾಗ ಒಂದು ಗಂಟೆ ಅವನ ಕೈಗೇ ಕೊಡಲಿಲ್ಲ. ಅಂಗೈಗೆ ತೂಕವಾಗಿ ಕೂರುತ್ತದೆ. ಚಕ್ರ ತಿರುಗಿಸಿದರೆ ಬೆರಳಿಗೆ ಉತ್ತರ ಸಿಗುತ್ತದೆ. ಫೋನಿನ ಗಾಜನ್ನು ಸವರಿ ಸವರಿ ಬೇಸತ್ತ ಬೆರಳಿಗೆ ಅದೊಂದು ಹಬ್ಬ. ಅತ್ತೆಯ ಫೋಟೋ ತೆಗೆದರೆ ಹಳೆಯ ಕ್ಯಾಲೆಂಡರಿನ ಬಣ್ಣ, ಹದವಾದ ನೆರಳು. "ಅಕ್ಕ, ಇದರಲ್ಲಿ ಜೂಮ್ ಇಲ್ಲ" ಎಂದು ಪ್ರಸನ್ನ ಅದೇ ದೊಡ್ಡ ಗುಣವೆಂಬಂತೆ ಹೇಳಿದ. "ಬೇಕಾದ್ದು ದೊಡ್ಡದಾಗಿ ಬರಬೇಕಾದರೆ ನಾವೇ ನಡೆದು ಹತ್ತಿರ ಹೋಗಬೇಕು. ಅದೇ ಇದರ ಮಜಾ." ಫೋಟೋದ ಮೂಲೆಯಲ್ಲಿ ಹಳದಿ ಅಂಕಿಗಳಲ್ಲಿ ತಾರೀಕು ಬೀಳುತ್ತಿತ್ತು. ನೋಡಿದರೆ ನಾನು ಬಾಲವಾಡಿಗೆ ಹೋಗುತ್ತಿದ್ದ ವರ್ಷ! "ಗಡಿಯಾರ ಹಿಂದಕ್ಕೆ ಇಟ್ಟಿದೀನಿ ಅಕ್ಕ, ಆಗಲೇ ಹಳೇ ಫೋಟೋ ಥರ ಕಾಣೋದು" ಎಂದ. ನಾನೂ ನಕ್ಕೆ. ದೂರದ ಬಳೆಯೂ ಇತ್ತು, ಅಡಿಗಳ ಗುರುತಿನ ಸಮೇತ. ತಿರುಗಿಸಿದೆ, ಏನೂ ಆಗಲಿಲ್ಲ. "ಅದು ಸುಮ್ಮನೆ ಅಕ್ಕ. ದೂರ ಎಲ್ಲ ಅದೇ ನೋಡಿಕೊಳ್ಳುತ್ತೆ."

ದೂರ ಎಲ್ಲ ಅದೇ ನೋಡಿಕೊಳ್ಳುತ್ತೆ. ಈ ಮಾತು ನನ್ನ ಕಿವಿಯಲ್ಲಿ ಆರು ತಿಂಗಳಿಂದ ಕುಳಿತಿದೆ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಅವನ ಕಾರಿನಲ್ಲಿ ಗುಂಡ್ಲುಪೇಟೆಗೆ ಹೊರಟೆವು. ರಸ್ತೆಯ ಎರಡೂ ಬದಿ ಕಾಡು. ಗಾಡಿ ನಿಲ್ಲಿಸಬಾರದು, ಇಳಿಯಬಾರದು ಎಂದು ಮೂರು ಭಾಷೆಗಳಲ್ಲಿ ಬೋರ್ಡು ಇದೆ. ಮೂರೂ ನನಗೆ ಓದಲು ಬರುತ್ತವೆ. ಒಂದು ತಿರುವಿನಲ್ಲಿ ಬಲಕ್ಕೆ, ಒಣಗಿದ ಲಂಟಾನದ ಆಚೆ, ಒಂಟಿ ಸಲಗ ಬಿದಿರು ಮುರಿಯುತ್ತಿತ್ತು. ರಸ್ತೆಯಂಚಿನಲ್ಲಿ ಖಾಕಿ ಅಂಗಿಯ ವಾಚರ್ ಬೊಮ್ಮಣ್ಣ ನಿಂತು, ಬಂದ ಗಾಡಿಗಳನ್ನೆಲ್ಲ ಕೈಬೀಸಿ ಮುಂದೆ ಕಳಿಸುತ್ತಿದ್ದ. ಅವನು ಕಾಡಂಚಿನ ಹಾಡಿಯವನು, ಅರಣ್ಯ ಇಲಾಖೆಯಲ್ಲಿ ದಿನಗೂಲಿ. ಅವನ ಮಗಳು ಎರಡು ವರ್ಷ ನನ್ನ ಭೌತಶಾಸ್ತ್ರದ ಕ್ಲಾಸಿನಲ್ಲಿದ್ದಳು. ಶಾಲೆ, ಕಚೇರಿ, ಅಂಗಡಿ ಎಲ್ಲ ಕಡೆ ಮಲಯಾಳ ಆಡುವ ನಾನು ಅವನೊಡನೆ ಮಾತ್ರ ಕನ್ನಡ ಆಡುತ್ತೇನೆ.

"ವಂಡಿ ನಿಲ್ಸಬೇಡಿ ಟೀಚರೇ. ದೊಡ್ಡವ ಸರಿಯಿಲ್ಲ ಇವತ್ತು. ಪೋ, ಪೋ" ಎಂದ ಬೊಮ್ಮಣ್ಣ. ಕಾಡಿನಲ್ಲಿ ನಿಂತು ಅವನು ಆನೆಯನ್ನು ಆನೆ ಎನ್ನುವುದಿಲ್ಲ, ದೊಡ್ಡವ ಎನ್ನುತ್ತಾನೆ. ಒಂದು ಹಿಡಿ ಮಣ್ಣು ತೆಗೆದು ಬೆರಳ ಸಂದಿಯಿಂದ ಉದುರಿಸಿದ. ಮಣ್ಣಿನ ಪುಡಿ ನಮ್ಮ ಕಡೆಯಿಂದ ಆನೆಯ ಕಡೆಗೆ ಹಾರಿತು. "ಗಾಳಿ ಕಂಡ್ರಾ? ನಿಮ್ಮ ವಾಸ್ನೆ ಅವ್ನಿಗೆ ಹೋಯ್ತು."

"ಒಂದೇ ನಿಮಿಷ ಬೊಮ್ಮಣ್ಣ, ನಮ್ಮ ಚಿಕ್ಕಪ್ಪನ ಮಗ" ಎಂದೆ ನಾನು. ಬೇರೆ ಯಾರಾದರೂ ಆಗಿದ್ದರೆ ಅವನು ಬಾನೆಟ್ಟಿಗೆ ಬಡಿದು ಓಡಿಸುತ್ತಿದ್ದ. ಮಗಳ ಟೀಚರಿಗೆ ಹಾಗೆ ಮಾಡಲಾಗದು ಎಂಬುದು ನನಗೆ ತಿಳಿದಿತ್ತು. ತಿಳಿದೇ ಕೇಳಿದೆ.

ಪ್ರಸನ್ನ ಆಗಲೇ ಇಳಿದಿದ್ದ. "ಸಾರೇ, ಬೇಡ" ಎಂದು ಬೊಮ್ಮಣ್ಣ ಕೈ ಎತ್ತಿದ. ಪ್ರಸನ್ನ ಒಂದು ಫೋಟೋ ತೆಗೆದು ನನ್ನ ಕಿಟಕಿಗೆ ಬಂದು, ಹಿಂದೆ ಮಡಚಿದ್ದ ಪರದೆ ಬಿಡಿಸಿ ತೋರಿಸಿದ. ಮುಂದೆ ಬೊಮ್ಮಣ್ಣನ ಎತ್ತಿದ ಕೈ, ಬಿದಿರು, ಆಕಾಶ, ಎಲ್ಲ ಇತ್ತು.

"ಆನೆ ಎಲ್ಲೋ? ಹುಣಸೆ ಬೀಜದ ಹಾಗಿದೆ. ಇನ್ನೂ ಸ್ವಲ್ಪ ಹತ್ತಿರ ಹೋಗಿ ತೆಗಿ."

ಇದನ್ನು ಹೇಳಿದ್ದು ನಾನು. ಪ್ರತಿ ವರ್ಷ ಹಲಗೆಯ ಮೇಲೆ ಮಸೂರದ ಚಿತ್ರ ಬರೆದು, ಅಗಲ ನೋಟದ ಮಸೂರ ಹತ್ತಿರದ್ದನ್ನೂ ದೂರದ್ದೆಂಬಂತೆ ತೋರಿಸುತ್ತದೆ ಎಂದು ಪಾಠ ಮಾಡಿ, ಪರೀಕ್ಷೆಯಲ್ಲಿ ತಪ್ಪು ಬರೆದವರ ಅಂಕ ಕಳೆಯುವ ನಾನು.

ಮುಂದಿನದೆಲ್ಲ ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಸಲಗ ಕಿವಿ ಬಡಿಯುವುದನ್ನು ನಿಲ್ಲಿಸಿತು. ಪ್ರಸನ್ನ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕ್ಯಾಮೆರಾದ ಕಿಂಡಿಗೆ ಒತ್ತಿ, ಬೆರಳಲ್ಲಿ ಚಕ್ರ ತಿರುಗಿಸುತ್ತಿದ್ದ. ಆನೆ ಬರುತ್ತಿತ್ತು. ಸದ್ದೇ ಇಲ್ಲದೆ, ಬಾಲ ನೆಟ್ಟಗೆ ಮಾಡಿಕೊಂಡು. ಅವನ ಕಿಂಡಿಯೊಳಗೆ ಅದಿನ್ನೂ ಹುಣಸೆ ಬೀಜದಿಂದ ನೆಲ್ಲಿಕಾಯಿಯಷ್ಟಾಗಿತ್ತು, ಅಷ್ಟೇ. ನನ್ನ ಕೈ ಕಾರಿನ ಬಾಗಿಲ ಹಿಡಿಯ ಮೇಲಿತ್ತು. ಕೂಗಲು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಬೊಮ್ಮಣ್ಣ ಓಡಿದ. ಅಂಗಿ ಕಿತ್ತು ಬೀಸುತ್ತ, ತನ್ನ ಹಾಡಿಯ ಭಾಷೆಯಲ್ಲಿ ಏನನ್ನೋ ಗದರುತ್ತ, ಆನೆಗೂ ಇವನಿಗೂ ನಡುವೆ ಹೊಕ್ಕ. ಪ್ರಸನ್ನನ ಕೊರಳ ಪಟ್ಟಿ ಹಿಡಿದೆಳೆದು ರಸ್ತೆಯ ಕೆಳಗಿನ ಮೋರಿಯೊಳಗೆ ತಳ್ಳಿದ. ಮೋರಿಯಲ್ಲಿ ಜಾಗವಿದ್ದದ್ದು ಒಬ್ಬನಿಗೆ.

ಮೈಸೂರಿಗೆ ಹೋಗುವ ಸರ್ಕಾರಿ ಬಸ್ಸು ಹಿಂದಿನಿಂದ, ಒತ್ತಿದ ಹಾರನ್ ಬಿಡದೆ ಬಂದಿತು. ಸಲಗ ತಿರುಗಿ ಹೋಯಿತು. ಬಸ್ಸಿನವರೇ ಬೊಮ್ಮಣ್ಣನನ್ನು ಎತ್ತಿ ನಮ್ಮ ಕಾರಿನಲ್ಲಿ ಮಲಗಿಸಿದರು. ಆನೆಯ ಏಟಿಗೆ ಎಡಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು. ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲೆ. "ಸಾರಮಿಲ್ಲ ಟೀಚರೇ, ಸಾರಮಿಲ್ಲ" ಎನ್ನುತ್ತಿದ್ದ. ಪರವಾಗಿಲ್ಲ ಎಂದು ಸಮಾಧಾನ ಹೇಳುತ್ತಿದ್ದವನು ಅವನು!

ಇಲ್ಲಿಯವರೆಗಿನದು ಭಯ. ಸಿಟ್ಟು ಬಂದದ್ದು ನಾಲ್ಕು ದಿನದ ಮೇಲೆ. ಪ್ರಸನ್ನ ಎರಡನೆಯ ಫೋಟೋವನ್ನು, ಆನೆ ಲಂಟಾನ ದಾಟುತ್ತಿರುವುದನ್ನು, ಫೋನಿಗೆ ಇಳಿಸಿಕೊಂಡು ಜಗತ್ತಿಗೆಲ್ಲ ತೋರಿಸಿದ್ದ. ಅಂಚಿನಲ್ಲಿದ್ದ ಖಾಕಿ ತೋಳನ್ನು ಕತ್ತರಿಸಿದ್ದ. ಕೆಳಗೆ, "ಕಾಡಿನ ಗೈಡ್ ಜೊತೆ ಒಂದು ಬೆಳಗು" ಎಂದು ಬರೆದಿದ್ದ. ಯಾವ ಮಸೂರ, ಯಾವ ಬಣ್ಣ ಎಂದು ಕೇಳುವವರ ಸಾಲು, ಎಲ್ಲರಿಗೂ ಸಾವಧಾನವಾಗಿ ಇವನ ಉತ್ತರ. ಆ ಫೋಟೋ ಬೊಮ್ಮಣ್ಣನ ಕಚೇರಿಗೂ ತಲುಪಿತು. ವಾಚರ್ ಆಗಿದ್ದುಕೊಂಡು ಪ್ರವಾಸಿಗರನ್ನು ಇಳಿಸಿ ಆನೆ ತೋರಿಸುತ್ತಿದ್ದಾನೆ, ಇನ್ನು ಕೆಲಸಕ್ಕೆ ಬರುವುದು ಬೇಡ ಎಂಬ ಮಾತು ಹುಟ್ಟಿತು. ಅವನು ಕಾಲಿಗೆ ಕಟ್ಟು ಹಾಕಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ.

ಫೋನ್ ಮಾಡಿದೆ. "ಗೈಡ್ ಅಂತ ಯಾಕೋ ಬರೆದೆ?"

"ಮರ್ಯಾದೆಯಿಂದಲೇ ಬರೆದಿದೀನಲ್ಲ ಅಕ್ಕ. ಕೂಲಿಯವನು ಅಂತ ಬರೆದಿದ್ದರೆ ಬೇಜಾರಾಗಬೇಕಿತ್ತು."

"ಅವನು ಬೇಡ ಬೇಡ ಅಂದಿದ್ದನ್ನ ಬರಿ. ಕೈ ಎತ್ತಿದ್ದು ನಿನ್ನ ಫೋಟೋದಲ್ಲೇ ಇದೆ."

"ಅದರಲ್ಲಿ ಫೋಕಸ್ ಸರಿಯಾಗಿಲ್ಲ ಅಕ್ಕ" ಎಂದ.

ಒಬ್ಬನ ಕಾಲು ಮುರಿದಿದೆ, ಅನ್ನ ಹೋಗುತ್ತಿದೆ, ಇವನಿಗೆ ಫೋಕಸ್! ನಾನು ಬಾಯಿಗೆ ಬಂದಂತೆ ಬೈದೆ. ಹಳೆಯ ಕಾಲದ ಸೊಗಸು ಬೇಕು, ಆ ಕಾಲದವರು ಹೆಜ್ಜೆ ಎಣಿಸಿ ದೂರ ಅಳೆಯುತ್ತಿದ್ದ ಕಷ್ಟ ಬೇಡ. ಚರ್ಮ ಬೇಕು, ಚಕ್ರ ಬೇಕು, ಏನೂ ಮಾಡದ ಬಳೆಯೂ ಬೇಕು. ಮಾರುವವರು ಹೇಳಿದರು ಎಂದು, ಜೂಮ್ ಇಲ್ಲದ್ದನ್ನು ತಪಸ್ಸು ಎಂದುಕೊಂಡು ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಹೂವಿನ ಹತ್ತಿರ ನಡೆದು ಹೋಗಲಿ, ಹಲ್ಲಿನ ಹತ್ತಿರ ಹೋಗಲಿ, ಯಾರು ಬೇಡವೆಂದರು? ಇಷ್ಟು ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವನು ತಣ್ಣಗೆ, "ಹತ್ತಿರ ಹೋಗು ಅಂದಿದ್ದು ನೀನೇ ತಾನೇ?" ಎಂದ.

ಆದರೂ ಹಟ ಮಾಡಿ ಆ ಮೊದಲ ಫೋಟೋವನ್ನು ಕಳಿಸಿಕೊಂಡು, ಪ್ರಿಂಟ್ ಹಾಕಿಸಿ ಬೊಮ್ಮಣ್ಣನ ಕಚೇರಿಗೆ ಒಯ್ದೆ. ಎತ್ತಿದ ಕೈ ಇದೆ, ಸಾಕ್ಷಿ ಸಾಕು, ನಾನು ಬಾಯಿ ಬಿಡಬೇಕಾಗಿಲ್ಲ ಎಂಬುದು ನನ್ನ ಲೆಕ್ಕಾಚಾರ. ಕಚೇರಿಯ ಹಿರಿಯ ಅಧಿಕಾರಿ ಫೋಟೋವನ್ನು ಬೆಳಕಿಗೆ ಹಿಡಿದು, ಮೂಲೆಯ ಹಳದಿ ಅಂಕಿಗಳನ್ನು ನೋಡಿ, ಮಲಯಾಳದಲ್ಲಿ ಸಾವಕಾಶವಾಗಿ ಕೇಳಿದರು: "ಟೀಚರ್, ಈ ತಾರೀಕಿನಂದು ಬೊಮ್ಮನಿಗೆ ಎಷ್ಟು ವಯಸ್ಸು?" ಕೋಣೆಯಲ್ಲಿದ್ದವರೆಲ್ಲ ನಕ್ಕರು. ಫೋನಿನಲ್ಲಿದ್ದ ಮೂಲ ಫೋಟೋದೊಳಗಿನ ತಾರೀಕೂ ಅದೇ, ಏಕೆಂದರೆ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿದ್ದ ನಮ್ಮ ಡಾಕ್ಟರು. "ಇದನ್ನು ನಾನು ಸಾಕ್ಷಿಯಾಗಿ ಹೇಗೆ ಸೇರಿಸಿಕೊಳ್ಳಲಿ?" ಎಂದರು ಅಧಿಕಾರಿ. ನನಗೆ ಆ ನಗುವಿನ ಮೇಲೂ ಸಿಟ್ಟು, ಆ ಅಂಕಿಗಳ ಮೇಲೂ ಸಿಟ್ಟು. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ಹೊರಟವಳು ಬಾಗಿಲವರೆಗೆ ಹೋಗಿ ನಿಂತೆ. ಹಿಂದಿರುಗಿ ಬಂದು ಒಂದು ಹಾಳೆ ಕೇಳಿದೆ.

ಮಲಯಾಳದಲ್ಲಿ, ಉತ್ತರ ಪತ್ರಿಕೆ ಬರೆದಂತೆ ಬರೆದೆ. ವಾಚರ್ ನಮ್ಮನ್ನು ಕರೆದೊಯ್ಯಲಿಲ್ಲ. ಗಾಡಿ ನಿಲ್ಲಿಸಬೇಡಿ ಎಂದ, ಗಾಳಿ ತೋರಿಸಿದ, ಕೈ ಎತ್ತಿ ತಡೆದ. ಪರಿಚಯದ ಸಲುಗೆಯಿಂದ ಒಂದು ನಿಮಿಷ ಕೇಳಿದವಳು ನಾನು. ಹತ್ತಿರ ಹೋಗು ಎಂದವಳೂ ನಾನು. ಕೆಳಗೆ ಸಹಿ, ಸರಿಯಾದ ತಾರೀಕು. ಅಧಿಕಾರಿ ಎರಡು ಸಲ ಓದಿದರು. "ನಿಮ್ಮಿಬ್ಬರ ಮೇಲೂ ಕೇಸಾಗುತ್ತದೆ, ಗೊತ್ತಲ್ಲ?" ಎಂದರು. ಆಯಿತು ಕೂಡ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದೆವು. ಬೊಮ್ಮಣ್ಣನ ಕೆಲಸ ಉಳಿಯಿತು. ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದು ವಾರ ನಾನು ಹೊಕ್ಕರೆ ಮಾತು ನಿಲ್ಲುತ್ತಿತ್ತು. ಪ್ರಸನ್ನ ಮಾತು ಬಿಟ್ಟ. ಮೇ ತಿಂಗಳಲ್ಲಿ ಕೊರಿಯರಿನಲ್ಲಿ ಕ್ಯಾಮೆರಾ ಬಂತು. ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು: "ನನಗೆ ಇದನ್ನು ಮುಟ್ಟೋಕೆ ಆಗ್ತಿಲ್ಲ ಅಕ್ಕ." ಅದನ್ನು ಓದಿದ ಮೇಲೆ ಬೈಯಲು ಆಗಲಿಲ್ಲ. ಮಳೆ ಹಿಡಿದ ದಿನ ಅಕ್ಕಿಯಲ್ಲಿ ಇಟ್ಟೆ.

ಇವತ್ತು ಬಿಸಿಲು ಬಿತ್ತು. ಅತ್ತೆಯ ಗೊಣಗಾಟ ಕೇಳುತ್ತ ಕ್ಯಾಮೆರಾ ಹೊರತೆಗೆದು ಅಕ್ಕಿ ಕಾಳು ಕೊಡವಿದೆ. ಬ್ಯಾಟರಿಗೆ ಜೀವ ಕೊಟ್ಟು, ಮೊದಲು ಗಡಿಯಾರ ಹುಡುಕಿ ಇವತ್ತಿಗೆ ತಂದೆ. ಆಮೇಲೆ ಬಸ್ಸು ಹತ್ತಿ ಕಾಡಿನ ಚೆಕ್‌ಪೋಸ್ಟಿಗೆ ಹೋದೆ. ಬೊಮ್ಮಣ್ಣನಿಗೆ ಈಗ ಅಲ್ಲಿ ಕೂತು ಗಾಡಿ ನಂಬರು ಬರೆಯುವ ಕೆಲಸ. ಪಕ್ಕದಲ್ಲಿ ಊರುಗೋಲು.

"ಅಯ್ಯೋ, ಆ ಪಾಪಿ ಇನ್ನೂ ಉಂಟಾ?" ಎಂದ ಕ್ಯಾಮೆರಾ ನೋಡಿ.

"ನಿನ್ನ ಒಂದು ಫೋಟೋ ಬೇಕು ಬೊಮ್ಮಣ್ಣ."

"ತೆಗೀರಿ. ಹತ್ರ ಮಾತ್ರ ಬರಬೇಡಿ, ಇನ್ನೊಂದು ಕಾಲು ಉಳ್ಕಂಡದೆ."

ಅವನ ಪಾದದಿಂದ ಹಿಂದಕ್ಕೆ ಹತ್ತು ಹೆಜ್ಜೆ ಎಣಿಸಿದೆ. ಎರಡೂ ಕಣ್ಣಿನಿಂದ ಒಮ್ಮೆ ನೋಡಿ ಆಮೇಲೆ ಕಿಂಡಿಗೆ ಕಣ್ಣಿಟ್ಟೆ. ತೋರಿಸಿದಾಗ ಅವನು ಪರದೆಯಲ್ಲಿ ತನ್ನನ್ನು ಹುಡುಕಿದ. "ಇಷ್ಟೇನಾ ನಾನು? ಸಾಕು, ಸಣ್ಣಗೇ ಇರ್ಲಿ. ಈ ಹಳದಿ ಏನು ಕೆಳಗೆ?"

"ಇವತ್ತಿನ ತಾರೀಕು."

"ಸರಿ ಅದೆಯಾ?" ಎಂದು ನನ್ನ ಮುಖ ನೋಡಿದ. ನಾನು ಇನ್ನೊಮ್ಮೆ ನೋಡಿ, ಸರಿಯಾಗಿದೆ ಎಂದೆ.

ಅಷ್ಟರಲ್ಲಿ ಆಗಷ್ಟೇ ಚೆಕ್‌ಪೋಸ್ಟಿನ ಅಡ್ಡಕಂಬ ದಾಟಿದ್ದ ಒಂದು ಕಾರು ತಿರುವಿನ ಹತ್ತಿರ ನಿಧಾನವಾಯಿತು. ಕಿಟಕಿಯಿಂದ ಒಂದು ತೋಳು, ತೋಳಿನ ತುದಿಯಲ್ಲಿ ಮಿನುಗುವ ಬೆಳ್ಳಿ ಬಣ್ಣ. ಬೊಮ್ಮಣ್ಣ ಊರುಗೋಲಿಗೆ ಕೈ ಹಾಕುವ ಮೊದಲೇ ನಾನು ರಸ್ತೆಗೆ ಓಡಿದ್ದೆ. ಕನ್ನಡವೋ ಮಲಯಾಳವೋ, ಎರಡನ್ನೂ ಕಲಸಿ, ನಿಲ್ಲಿಸಬೇಡಿ, ಹೋಗಿ, ಹೋಗಿ ಎಂದು ಕಿರುಚಿದೆ. ಅಂದು ಹೊರಡದ ಸ್ವರ ಅಷ್ಟೂ ಹೊರಟಿತು. ತೋಳು ಒಳಗೆ ಸರಿದು ಕಾರು ಮರೆಯಾಯಿತು. ನಾನು ಕಿರುಚುತ್ತಲೇ ಇದ್ದೆ.

"ಮತಿ ಟೀಚರೇ, ಮತಿ, ಸಾಕು" ಎಂದ ಬೊಮ್ಮಣ್ಣ ಹಿಂದಿನಿಂದ. "ಅವರು ಗುಂಡ್ಲುಪೇಟೆ ಮುಟ್ಟಿರ್ತಾರೆ."