ಗಿಳಿಗಳ ಪಾಲಾದ ಡಿವಿಡಿಗಳು

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿದೆ. ಅರಸೀಕೆರೆ ಹತ್ತಿರದ ತೆಂಗಿನ ನಾರಿನ ಕಾರ್ಖಾನೆಯ ಆಫೀಸಿನಲ್ಲಿ. ಮೇಜು, ಕುರ್ಚಿ, ಕಂಪ್ಯೂಟರು ಎಲ್ಲ ಇರುವ ಕೆಲಸ. ಕಾಗದ ಇವತ್ತು ಬೆಳಿಗ್ಗೆ ಬಂತು. ಮಧ್ಯಾಹ್ನದೊಳಗೆ ಕಣಕಟ್ಟೆಯ ನಮ್ಮ ಬೀದಿಗೆಲ್ಲ ನಾನೇ ಹೇಳಿಬಂದೆ. ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಜನಕ್ಕೂ ಹೇಳಿದೆ. ಸೊಸೆ ಓಡಿಬಂದು ನನ್ನ ಕೈ ಹಿಡಿದಳು.

"ಅತ್ತೆ, ಒಳ್ಳೇ ಸುದ್ದೀನೂ ಜಗ್ಳ ಆಡ್ದಂಗೆ ಹೇಳ್ತೀರಲ್ಲ! ಆವಯ್ಯ ಹೆದರ್ಕೊಂಡು ಬಸ್ ಹತ್ಬುಟ್ಟ."

ಹೆದರಲಿ. ಇಷ್ಟು ವರ್ಷದ ಸಿಟ್ಟು ಒಂದೇ ದಿನಕ್ಕೆ ಸಂತೋಷವಾಗಿ ಹೊರಗೆ ಬರುವಾಗ ಮೆತ್ತಗೆ ಬರುತ್ತದೆಯೇ?

ನನ್ನ ಮೊಮ್ಮಗಳಿಗೆ ಕಿವಿ ಕೇಳಿಸುವುದಿಲ್ಲ. ಮೂರು ವರ್ಷದವಳಿದ್ದಾಗ ಬಂದ ಜ್ವರ ಕೇಳಿಸುವುದನ್ನು ತೆಗೆದುಕೊಂಡು ಹೋಯಿತು. ಅವಳು ಕಣ್ಣಲ್ಲೇ ಕಲಿತಳು. ಕೈಯಲ್ಲಿ ಮಾತಾಡುತ್ತಾಳೆ, ಫೋನಿನಲ್ಲಿ ಬರೆದು ತೋರಿಸುತ್ತಾಳೆ, ಕನ್ನಡ ಇಂಗ್ಲಿಷು ಎರಡನ್ನೂ ನೀರು ಕುಡಿದಂತೆ ಓದುತ್ತಾಳೆ. ಬಿ.ಕಾಂ. ಮುಗಿಸಿದಳು. ನಾನು ನಾಲ್ಕನೇ ಕ್ಲಾಸು.

ಹೋದ ವರ್ಷ ಬೇಲೂರಿನ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವರು ಬೇಕೆಂದು ಗೊತ್ತಾಗಿ ಕರೆದುಕೊಂಡು ಹೋಗಿದ್ದೆ. ಯಜಮಾನ ಅವಳ ಮುಖವನ್ನೇ ನೋಡಲಿಲ್ಲ. ನನಗೆ ಹೇಳಿದ: "ಇವ್ಳಿಗೆ ಕೇಳ್ಸಲ್ವಲ್ಲ ಅಜ್ಜಿ. ನಮಗೆ ಫೋನ್ ಎತ್ತೋರು ಬೇಕು."

"ಅವ್ಳನ್ನೇ ಕೇಳಿ ಸ್ವಾಮಿ. ಒಂದು ಚೀಟೀಲಿ ಬರ್ದು ಕೇಳಿ."

"ಅಷ್ಟೆಲ್ಲ ಟೈಮ್ ಎಲ್ಲೈತಮ್ಮ?"

ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನು ಫೋನಿನಲ್ಲಿ ಏನೋ ವಿಡಿಯೋ ನೋಡಿಕೊಂಡು ನಗುತ್ತಾ ಕೂತಿದ್ದ. ಅದಕ್ಕೆ ಟೈಮ್ ಇತ್ತು!

ಅವನನ್ನು ಬೈದೆ, ಸರಿ. ನಾವು ಮನೆಯವರು ಮಾಡಿದ್ದೇನು? ಸಂಜೆ ಟಿವಿ ಮುಂದೆ ಕೂತು ಎಲ್ಲರೂ ನಗುವಾಗ ಈ ಹುಡುಗಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುವಳು. ಯಾಕೆ ನಗುತ್ತೀರಿ ಎಂದು ಹುಬ್ಬು ಏರಿಸುವಳು. ನಾವು ಅಂಗೈ ಎತ್ತಿ ತೋರಿಸುವೆವು. ನಮ್ಮ ಮನೆಯ ಕೈಮಾತಿನಲ್ಲಿ ಅದಕ್ಕೆ 'ಆಮೇಲೆ' ಎಂದು ಅರ್ಥ. ಅಪ್ಪನ ಅಂಗೈ, ಅಮ್ಮನ ಅಂಗೈ. ನನ್ನದೂ, ಬಾಯಿ ತುಂಬ ಎಲೆ ಅಡಿಕೆ, ಕಣ್ಣು ಟಿವಿ ಮೇಲೆ. ಆ 'ಆಮೇಲೆ' ಒಂದು ದಿನವೂ ಬರಲಿಲ್ಲ.

ನನ್ನ ಚಿಕ್ಕ ಮಗ ಹಳೇಬೀಡಿನಲ್ಲಿ ಗೈಡು. ಇಂಗ್ಲೆಂಡಿನಿಂದ ಬಂದ ವಯಸ್ಸಾದ ಗಂಡ ಹೆಂಡತಿಗೆ ಎರಡು ದಿನ ದೇವಸ್ಥಾನ ತೋರಿಸಿದನಂತೆ. ಮಾತಿಗೆ ಮಾತು ಬಂದು ಅಣ್ಣನ ಮಗಳ ಸಂಗತಿಯನ್ನೂ ಹೇಳಿದ್ದಾನೆ. ಅವರು ಊರಿಗೆ ಹೋದ ಮೇಲೆ ಅವಳಿಗೆಂದು ಪಾರ್ಸಲ್ಲು ಬಂದವು. ಮೊದಲು ಒಟ್ಟಿಗೆ ಡಿವಿಡಿಯ ಎರಡು ಡಬ್ಬಿ. ಮೇಲೆ ಒಂದು ಚಿತ್ರ: ಆಫೀಸಿನ ಮೇಜಿನ ಸುತ್ತ ಐದಾರು ಜನ, ಕೈಯಲ್ಲಿ ಟೀ ಕಪ್ಪು, ಒಬ್ಬರಿಗೊಬ್ಬರು ಮುಖ ತಿರುಗಿಸಿಕೊಂಡವರು.

"ಅಲ್ಲಿಯ ತಮಾಷೆ ಧಾರಾವಾಹಿ ಕಣವ್ವ," ಅಂದ ಮಗ. "ಒಂದು ಆಫೀಸ್ನೋರ ಕಥೆ. ಒಂದೊಂದು ಡಬ್ಬಿ ಒಂದೊಂದು ಸೀಸನ್ನು."

ನನಗೆ ಉರಿದುಹೋಯಿತು. "ಕಿವಿ ಕೇಳ್ದಿರೋ ಮಗೀಗೆ ಮಾತಾಡೋ ನಾಟ್ಕ ಕಳ್ಸವ್ರಲ್ಲ! ಅಣಕ ಮಾಡ್ತಾವ್ರಾ?"

ಆಗ ಅವಳು ಕಂಪ್ಯೂಟರ್ ಕೋರ್ಸಿನ ಪರೀಕ್ಷೆಗೆಂದು ಅರಸೀಕೆರೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಹೊಲದಲ್ಲಿ ಜೋಳ ತೆನೆ ಕಟ್ಟಿತ್ತು. ಗಿಳಿಗಳ ಕಾಟ ಹೇಳತೀರದು. ಎರಡು ಡಬ್ಬಿಯೊಳಗಿದ್ದ ತಟ್ಟೆಗಳನ್ನೆಲ್ಲ ತೆಗೆದು, ತೆಂಗಿನ ಹಗ್ಗಕ್ಕೆ ಪೋಣಿಸಿ ಹೊಲದಲ್ಲಿ ಕಟ್ಟಿದೆ. ಫಳಫಳ ಹೊಳೆದವು. ಗಿಳಿ ಬರಲಿಲ್ಲ. ನಾನು ಬಹಳ ಬುದ್ಧಿವಂತೆ ಎಂದುಕೊಂಡೆ.

ಮೂರನೇ ಡಬ್ಬಿ ಬರುವಾಗ ಜೋಳ ಕುಯ್ದು ಆಗಿತ್ತು. ಅದಕ್ಕೇ ಅದು ಉಳಿಯಿತು.

ಪರೀಕ್ಷೆ ಮುಗಿಸಿ ಬಂದ ಹುಡುಗಿ ಅದನ್ನು ಕಂಡು, ಡಬ್ಬಿಯ ಹಿಂದೆ ಬರೆದದ್ದನ್ನು ಓದಿದಳು. ಬೀರುವಿನ ಮೇಲಿದ್ದ ಹಳೇ ಪ್ಲೇಯರು ಇಳಿಸಿ, ಧೂಳು ಒರೆಸಿ, ಟಿವಿಗೆ ಸಿಕ್ಕಿಸಿದಳು. ರಿಮೋಟಿನಲ್ಲಿ ಏನೋ ಒತ್ತಿದಳು. ಚಿತ್ರದ ಕೆಳಗೆ ಅಕ್ಷರ ಬಂತು. ಅವರು ಆಡಿದ ಮಾತೆಲ್ಲ ಅಕ್ಷರವಾಗಿ, ಬಾಗಿಲು ಬಡಿದರೆ ಅದೂ ಅಕ್ಷರವಾಗಿ! ಕಿವಿ ಕೇಳದವರಿಗೆಂದೇ ಮಾಡಿದ್ದಂತೆ. ನನ್ನ ಮಗ ಮಹಾರಾಯ ದೇವಸ್ಥಾನದ ಕಲ್ಲು ಕಲ್ಲನ್ನೂ ವಿವರಿಸುತ್ತಾನೆ, ಡಬ್ಬಿ ತಿರುಗಿಸಿ ನೋಡಿರಲಿಲ್ಲ.

ಚಿಕ್ಕ ಮಗ ಹಳೇಬೀಡಿನಲ್ಲಿದ್ದ, ಉಳಿದ ನಾವೆಲ್ಲ ಕೂತೆವು. ಕಿವಿ ಇದ್ದ ನಮಗೆ ಆ ಇಂಗ್ಲಿಷು ಒಂದು ಮಾತೂ ತಿಳಿಯಲಿಲ್ಲ. ಅವಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಅವಳ ಭುಜ ತಟ್ಟಿ, ಏನು ಎಂದು ಹುಬ್ಬು ಏರಿಸಿದೆ. ಅವಳು ಟಿವಿಯಿಂದ ಕಣ್ಣು ಕೀಳದೆ ಅಂಗೈ ಎತ್ತಿ ತೋರಿಸಿದಳು.

ಆಮೇಲೆ.

ನಾನು ಎದ್ದು ಅಡುಗೆಮನೆಗೆ ಹೋದೆ. ಪಾತ್ರೆಗಳನ್ನೆಲ್ಲ ದಡದಡ ಕುಕ್ಕಿದೆ. ಅವಳ ಮೇಲಲ್ಲ ಸಿಟ್ಟು.

ಮಾರನೇ ದಿನ ಬೆರಳೆತ್ತಿ ಕೇಳಿದಳು: ಇದು ಮೂರನೆಯದು, ಮೊದಲ ಎರಡು ಎಲ್ಲಿ? ಹೊಲಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಬಿಸಿಲಿಗೆ, ಧೂಳಿಗೆ, ಗಾಳಿಗೆ ಒಂದಕ್ಕೊಂದು ಉಜ್ಜಿ ಮೈಯೆಲ್ಲ ಗೀರು. ತಂದು ತೊಳೆದು ಹಾಕಿದರೆ ಪ್ಲೇಯರು ಗೊರಗೊರ ಎಂದು ಹೊರಗೆ ತಳ್ಳಿತು. ಎರಡು ಡಬ್ಬಿ ನಗುವನ್ನು ನಾನು ಗಿಳಿಗಳಿಗೆ ತೋರಿಸಿದ್ದೆ. ಎರಡು ದಿನ ಅವಳು ನನ್ನ ಕಡೆ ಕೈ ಆಡಿಸಲಿಲ್ಲ. ಮೂರನೇ ದಿನ ಫೋನು ಮುಂದೆ ಹಿಡಿದಳು. ಅಕ್ಷರ ಕೂಡಿಸಿ ಕೂಡಿಸಿ ನಾನೇ ಓದಿದೆ:

"ಬಿಡು ಅಜ್ಜಿ. ಮಧ್ಯದಿಂದ ನೋಡಿದ್ರೂ ಅರ್ಥ ಆಯ್ತು. ಈ ಮನೇಲಿ ನಾನು ಯಾವಾಗ್ಲೂ ಮಧ್ಯದಿಂದಾನೇ ನೋಡೋದು."

ನನ್ನನ್ನು ಯಾರಾದರೂ ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ನಾರಿನ ಕಾರ್ಖಾನೆಗೆ ಹೋದಾಗಲೂ ಜೊತೆಗೆ ನಾನೇ. ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ಹೋಗಿದ್ದೆ. ಅಲ್ಲಿದ್ದ ಮೇಡಂ ನನಗೆ ಕುರ್ಚಿ ತೋರಿಸಿ, ಅವಳ ಮುಂದೆ ಒಂದು ಹಾಳೆ ಇಟ್ಟು ಬರೆದರು. ಆ ಹಾಳೆ ಈಗಲೂ ಮನೆಯಲ್ಲಿದೆ. "ಆಫೀಸಿನಲ್ಲಿ ಎಲ್ಲರೂ ಮಾತಾಡುತ್ತಿರುತ್ತಾರೆ. ನಿಮಗೆ ಕಷ್ಟವಾಗುವುದಿಲ್ಲವೇ?" ಇವಳು ಕೆಳಗೆ ಬರೆದಿದ್ದಾಳೆ: "ಬರೆದು ಕೊಡಿ ಅಂತ ಕೇಳುತ್ತೇನೆ. 'ಆಮೇಲೆ' ಅಂದರೆ ಅಲ್ಲೇ ನಿಂತಿರುತ್ತೇನೆ."

ಮೇಡಂ ನಕ್ಕರು. ನಕ್ಕಿದ್ದು ಯಾಕೆಂದು ಅದನ್ನೂ ತಕ್ಷಣ ಬರೆದು ತೋರಿಸಿದರು. ಸಿಕ್ಕಿಸಿದ ಸೆರಗನ್ನು ನಾನು ಆಗಲೇ ಬಿಚ್ಚಿದೆ.

ಇವತ್ತು ಸಂಜೆ ಒತ್ತು ಶಾವಿಗೆ, ಕಾಯಿಹಾಲು. ದೊಡ್ಡ ಮಗ ಶಾವಿಗೆ ಒರಳು ಒತ್ತಿದ, ಸೊಸೆ ಕಾಯಿ ತುರಿದಳು. ಚಿಕ್ಕ ಮಗ ಹಳೇಬೀಡಿನಿಂದ ಬಸ್ಸಿನಲ್ಲಿ ಬಂದ. ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ಅವನು ದೇವಸ್ಥಾನದಲ್ಲಿ ತನಗಾದ ಫಜೀತಿ ಹೇಳತೊಡಗಿದ. ಹಿಂದುಹಿಂದಕ್ಕೆ ನಡೆಯುತ್ತಾ ಗೋಡೆಯ ಕೆತ್ತನೆ ವಿವರಿಸುತ್ತಿದ್ದವನು ಯಾರದೋ ಮಡಿಸುವ ಕುರ್ಚಿಯ ಮೇಲೆ ಕೂತು, ಕುರ್ಚಿ ಮುರಿದು, ಬಂದವರೆಲ್ಲ ಇದೂ ವಿವರಣೆಯದೇ ಭಾಗವೆಂದು ಚಪ್ಪಾಳೆ ಹೊಡೆದರಂತೆ. ಎಲ್ಲರೂ ನಕ್ಕರು. ಮೊಮ್ಮಗಳು ಹುಬ್ಬು ಏರಿಸಿದಳು. ಇವನು ಬಾಯಿ ತುಂಬ ಶಾವಿಗೆ ಇಟ್ಟುಕೊಂಡು ಅಂಗೈ ಎತ್ತಿದ.

ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡೆ. "ಈಗ್ಲೇ ಹೇಳ್ಲಾ."

"ತಿಂತಾ ಇವ್ನಿ ಕಣವ್ವ..."

"ಶಾವ್ಗೆ ಎಲ್ಲೂ ಓಡೋಗಲ್ಲ. ಏಳ್ಲಾ ಮೇಲೆ!"

ಎದ್ದ. ಹಿಂದುಹಿಂದಕ್ಕೆ ನಡೆದ, ಕೂತ, ದಬಕ್ಕನೆ ಬಿದ್ದ, ತಾನೇ ಚಪ್ಪಾಳೆಯನ್ನೂ ಹೊಡೆದ. ಅವಳು ನಗುವ ತನಕ ಯಾರೂ ತುತ್ತು ಎತ್ತಲಿಲ್ಲ. ನಕ್ಕು ಮುಗಿಸಿ, ನೀನು ಬಿದ್ದದ್ದು ಸರಿಯಾಗಲಿಲ್ಲ ಚಿಕ್ಕಪ್ಪ ಎಂದು ಕೈಯಲ್ಲೇ ಹೇಳಿ, ತಾನೇ ಎದ್ದು ಇನ್ನೂ ಚೆನ್ನಾಗಿ ಬಿದ್ದು ತೋರಿಸಿದಳು. ಮತ್ತೆ ಎಲ್ಲರೂ ನಕ್ಕೆವು. ನಾನು ಅವಳ ತಟ್ಟೆಗೆ ಕಾಯಿಹಾಲು ಸುರಿದೆ, ಆಮೇಲೆ ಉಳಿದವರಿಗೆ.