ತೋಮಾಸಾಳ ಚಿನ್ನದ ಹಲ್ಲು

ನಮ್ಮ ಸಂತೆಗೆ ಬಂದು ತೋಮಾಸಾ ಎಲ್ಲಿ ಎಂದು ಕೇಳಿದರೆ ಯಾವ ತೋಮಾಸಾ ಎನ್ನುತ್ತಾರೆ. ಚಿನ್ನದ ಹಲ್ಲಿನವಳು ಎಂದರೆ ಸಾಕು, ಎಲ್ಲರ ಕೈಯೂ ಚುಚಿತೊ ಮಾರುವ ಮೂಲೆಯ ಕಡೆ ತಿರುಗುತ್ತದೆ. ಮುಸುಕಿನ ಜೋಳದ ಹಿಟ್ಟಿನೊಳಗೆ ಮಾಂಸ ಇಟ್ಟು, ಅದರ ಸಿಪ್ಪೆಯಲ್ಲೇ ಸುತ್ತಿ ಬೇಯಿಸಿದ ಆ ಚುಚಿತೊಗಳನ್ನು ಅವಳು ಮಾರುವುದೇ ನಗುನಗುತ್ತಾ. ಮುಂದಿನ ಹಲ್ಲು ಫಳಕ್ಕೆಂದು ಹೊಳೆಯುತ್ತದೆ, ಗಿರಾಕಿ ಇನ್ನೆರಡು ಕಟ್ಟಿಕೊಡಿ ಎನ್ನುತ್ತಾನೆ. ಪಕ್ಕದಲ್ಲೇ ಒಣಮೆಣಸಿನಕಾಯಿ ಹರಡಿಕೊಂಡು ಕೂರುವ ನನಗೆ ಎಷ್ಟೋ ಸಲ ಹೊಟ್ಟೆಕಿಚ್ಚಾಗಿದ್ದುಂಟು.

ತೊತೊನಿಕಪಾನಿನ ಈ ಬೆಟ್ಟದ ಮೇಲೆ ನಮ್ಮ ಕಾಲದಲ್ಲಿ ಗಟ್ಟಿಯಾಗಿದ್ದ ಹಲ್ಲಿಗೂ ಚಿನ್ನ ಹೊದಿಸಿಕೊಳ್ಳುವುದು ದೊಡ್ಡಸ್ತಿಕೆ. ತೋಮಾಸಾಳ ಮದುವೆಯಾದ ವರ್ಷ ಅವಳ ಗಂಡ ಲಿಸಾಂದ್ರೊ ಕೆಳಗೆ ಸಮುದ್ರದ ಕಡೆ ಕಾಫಿ ಬಿಡಿಸಲು ಹೋಗಿ, ಜ್ವರ ಹಿಡಿಸಿಕೊಂಡು, ಎಲುಬಿನ ಗೂಡಾಗಿ ವಾಪಸು ಬಂದಿದ್ದ. ಬಂದವನೇ ಊರೂರು ತಿರುಗುವ ಹಲ್ಲಿನವನೊಬ್ಬನ ಹತ್ತಿರ ಕರೆದುಕೊಂಡು ಹೋಗಿ ಹೆಂಡತಿಗೆ ಚಿನ್ನದ ಕ್ಯಾಪ್ ಹಾಕಿಸಿದ. ಈಗ ಅವನು ಮನೆಯಲ್ಲೇ ಮಗ್ಗದ ಮುಂದೆ ಕೂತು ಲಂಗದ ಬಟ್ಟೆ ನೇಯುತ್ತಾನೆ. ಅವನ ಮಗ್ಗ ಮಾತಾಡುವಷ್ಟು ಅವನು ಮಾತಾಡುವುದಿಲ್ಲ.

ಹೋದ ಮಳೆಗಾಲದಲ್ಲಿ ಆ ಹಲ್ಲಿನ ಬುಡ ಬಾತುಕೊಂಡಿತು. ತೋಮಾಸಾ ನಗುವುದು ನಿಲ್ಲಿಸಿದಳು. ಚುಚಿತೊ ಬುಟ್ಟಿಯಲ್ಲೇ ಉಳಿಯತೊಡಗಿತು. ಲವಂಗ ಇಟ್ಟಳು, ಉಪ್ಪುನೀರು ಮುಕ್ಕಳಿಸಿದಳು, ಆಸ್ಪತ್ರೆ ಎಂದರೆ ಮಾತ್ರ ಕಿವುಡಿಯಾದಳು. ನನ್ನ ಮಗಳಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸುವಾಗ ಅವಳನ್ನು ಎತ್ತಿ ಹಿಡಿದವಳು ಇವಳು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಆ ಸಲುಗೆಯಲ್ಲೇ ಕೈ ಹಿಡಿದು ಎಳೆದುಕೊಂಡು ಹೋದೆ. ಲಿಸಾಂದ್ರೊ ಹ್ಯಾಟು ಕೈಯಲ್ಲಿ ಹಿಡಿದು ಹಿಂದೆ ಬಂದ.

ಹಲ್ಲಿನ ಡಾಕ್ಟರು ನೊಯೆಮಿ, ನಮ್ಮೂರಿನದೇ ಹುಡುಗಿ. ಕನ್ನಡಿ ಹಿಡಿದು ನೋಡಿದಳು, ಫೋಟೊ ತೆಗೆದಳು.

"ಕ್ಯಾಪಿನ ಅಂಚಲ್ಲಿ ಹಲ್ಲು ಅರ್ಧ ಕರಗೋಗಿದೆ ದೋನ್ಯಾ ತೋಮಾಸಾ. ಆದ್ರೆ ಬೇರು ಗಟ್ಟಿಯಾಗಿದೆ. ಕಿತ್ತುಬಿಟ್ರೆ ಕ್ಯಾಪು ಹಲ್ಲಿನ ಜೊತೆ ಇಡಿಯಾಗಿ ಬರುತ್ತೆ, ನೀವೇ ಇಟ್ಕೋಬೋದು. ಉಳಿಸ್ಬೇಕು ಅಂದ್ರೆ ಕ್ಯಾಪ್ ಸೀಳಲೇಬೇಕು. ಬೇರು ಶುಚಿ ಮಾಡಿ, ಮೇಲೆ ಬಿಳಿ ಕ್ಯಾಪ್ ಹಾಕ್ತೀನಿ. ನನ್ನ ಕೇಳಿದ್ರೆ, ಉಳಿಸ್ಕೊಳ್ಳಿ."

"ಕೀಳಿ," ಎಂದಳು ತೋಮಾಸಾ.

"ತಲೆ ಕೆಟ್ಟಿದ್ಯಾ ನಿಂಗೆ?" ಎಂದೆ ನಾನು. "ಮುಂದಿನ ಹಲ್ಲು! ಬಾಯಲ್ಲಿ ಕಿಟಕಿ ಇಟ್ಕೊಂಡು ವ್ಯಾಪಾರ ಮಾಡ್ತೀಯಾ?"

"ನನ್ನ ಬಾಯಿ, ನನ್ನ ಕಿಟಕಿ."

ಡಾಕ್ಟರು ಮತ್ತೆ ಬಗ್ಗಿ ನೋಡಿ, "ಇದಕ್ಕೇನಾದ್ರೂ ಹುಳಿ ಹಚ್ಚಿ ಉಜ್ತಿದ್ರಾ?" ಎಂದು ಕೇಳಿದಳು.

"ಇಲ್ಲಮ್ಮ," ಎಂದು ತೋಮಾಸಾ ಸೂರು ನೋಡಿದಳು.

ಹೊರಗೆ ಕೂತು ಯೋಚನೆ ಮಾಡಿ ಬನ್ನಿ ಎಂದು ಡಾಕ್ಟರು ಕಳಿಸಿದಳು. ಲಿಸಾಂದ್ರೊ ಬಿಸಿ ಗಂಜಿ ತರುತ್ತೇನೆಂದು ಬೀದಿಗಿಳಿದ. ಅವನ ಬೆನ್ನು ಮರೆಯಾದದ್ದೇ ತಡ, ತೋಮಾಸಾ ನನ್ನ ಕಿವಿಗೆ ಬಾಯಿಟ್ಟಳು.

"ಕೂಗಾಡ್ಬೇಡ ಕೊಮಾದ್ರೆ. ಅದು ಚಿನ್ನ ಅಲ್ಲ."

"ಏನಂದೆ?"

"ಹಿತ್ತಾಳೇನೋ ಏನೋ. ಹಾಕ್ಸಿದ ವರ್ಷಾನೇ ಹಸಿರು ಕಟ್ತು. ಆ ಹಲ್ಲಿನೋನು ಇವನಿಗೆ ಮೋಸ ಮಾಡಿದಾನೆ. ಪ್ರತಿ ಶನಿವಾರ ಇವನು ಏಳೋಕ್ಮುಂಚೆ ನಿಂಬೆಹಣ್ಣು, ಒಲೆ ಬೂದಿ ಹಾಕಿ ತಿಕ್ತೀನಿ. ಈಗ ಸೀಳಿದ್ರೆ ಒಳಗಿನ ಬಣ್ಣ ಕಾಣುತ್ತೆ, ಆ ಹುಡುಗಿ ಇವನ ಎದುರಿಗೇ ಹೇಳ್ಬಿಡ್ತಾಳೆ. ಆ ಜ್ವರದಲ್ಲಿ ದುಡಿದು ತಂದಿದ್ದು ಕಣೇ. ಈ ವಯಸ್ಸಲ್ಲಿ ಅವನಿಗ್ಯಾಕೆ ಅದು ಗೊತ್ತಾಗ್ಬೇಕು? ಒಂದು ಹಲ್ಲು ತಾನೇ, ಹೋಗ್ಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಮೂವತ್ತು ವರ್ಷ ಒಳ್ಳೆ ಹಲ್ಲನ್ನು ಕೈಯಾರೆ ತಿಕ್ಕಿ ತಿಕ್ಕಿ ಹಾಳುಮಾಡಿಕೊಂಡಿದ್ದಾಳಲ್ಲ, ಇವಳಿಗೆ ಬುದ್ಧಿ ಇದೆಯೇ! ಬಾಯಿತುಂಬ ಬೈಯಬೇಕೆಂದು ತಿರುಗಿದೆ. ಊದಿದ ಕೆನ್ನೆಗೆ ಶಾಲು ಒತ್ತಿಕೊಂಡು ಅವಳು ಬೀದಿಯ ಕಡೆ, ಗಂಡ ಬರುವ ದಾರಿಯನ್ನೇ ನೋಡುತ್ತಿದ್ದಳು. ಜಾರಿದ್ದ ಶಾಲಿನ ತುದಿಯನ್ನು ಅವಳ ಹೆಗಲ ಮೇಲೆ ಎಳೆದು ಹಾಕಿದೆ.

ಲಿಸಾಂದ್ರೊ ಗಂಜಿಯ ಲೋಟ ಹಿಡಿದು ಬಂದ. ಒಳಗಿಂದ ಕರೆ ಬಂತು. ತೋಮಾಸಾ ಕುರ್ಚಿಯಲ್ಲಿ ಒರಗಿ, "ಕೀಳೋದೇ," ಎಂದಳು. ಡಾಕ್ಟರು ನಿಟ್ಟುಸಿರು ಬಿಟ್ಟು ಸೂಜಿಗೆ ಔಷಧ ಎಳೆದಳು.

"ಸ್ವಲ್ಪ ತಡೀರಿ ಡಾಕ್ಟ್ರಮ್ಮ," ಎಂದ ಲಿಸಾಂದ್ರೊ. ಅವನ ದನಿ ಕೇಳಿ ನಾನೇ ಬೆಚ್ಚಿಬಿದ್ದೆ. "ಸೀಳ್ಬಿಡಿ. ಚಿನ್ನ ಹಾಳಾಗುತ್ತೆ ಅಂತ ಇವಳು ಹಲ್ಲು ಕಳ್ಕೋಬೇಕಾಗಿಲ್ಲ. ಅದು ಚಿನ್ನ ಅಲ್ಲ."

ತೋಮಾಸಾ ಎದ್ದು ಕೂತಳು.

"ನಿಂಗೆ ಗೊತ್ತಿತ್ತಾ?"

"ಹಾಕ್ಸಿದೋನು ನಾನು, ನಂಗೆ ಗೊತ್ತಿರಲ್ವಾ? ತಂದಿದ್ರಲ್ಲಿ ಅರ್ಧ ಜ್ವರದ ಔಷಧಿಗೇ ಹೋಗಿತ್ತು. ಮುಂದಿನ ಸುಗ್ಗೀಲಿ ಚಿನ್ನದ್ದೇ ಹಾಕ್ಸೋಣ ಅಂದ್ಕೊಂಡೆ. ಆಮೇಲೆ ಮಕ್ಕಳಾದ್ವು. ಆಮೇಲೆ ಹೇಳೋಕೆ ನಾಚ್ಕೆ ಆಯ್ತು."

"ಅಯ್ಯೋ ನಿನ್ನ... ನಾನು ಶನಿವಾರ ತಿಕ್ತಿದ್ದದ್ದು?"

"ಅದೂ ಗೊತ್ತು. ಮಲಗಿದ ಹಾಗೆ ಮಲಗಿರ್ತಿದ್ದೆ." ಹ್ಯಾಟಿನ ಅಂಚನ್ನು ತಿರುಗಿಸುತ್ತಾ ಹೇಳಿದ: "ಶುಕ್ರವಾರ ಸಂಜೆ ನೀರಿನ ತೊಟ್ಟಿ ಮೇಲೆ ನಿಂಬೆಹಣ್ಣು ಯಾರಿಡ್ತಿದ್ರು ಅಂದ್ಕೊಂಡಿದ್ದೆ? ನಮ್ಮನೇಲಿ ನಿಂಬೆ ಗಿಡ ಇದ್ಯಾ?"

ತೋಮಾಸಾ ಅವನನ್ನೇ ನೋಡಿದಳು. ಆಮೇಲೆ ನಕ್ಕಳು ನೋಡಿ, ಮಳೆಗಾಲ ಹಿಡಿದಾಗಿನಿಂದ ನಗದೇ ಇಟ್ಟಿದ್ದನ್ನೆಲ್ಲ ಒಟ್ಟಿಗೆ. ನೋವಿಗೆ ಅಯ್ಯೋ ಎನ್ನುತ್ತಾ, ಕಣ್ಣೀರು ಒರೆಸುತ್ತಾ, ಶಾಲಿನಿಂದ ಗಂಡನಿಗೆ ಎರಡು ಬಾರಿಸಿದಳು.

"ಹಾಗಾದ್ರೆ ಹಲ್ಲು ತಿಂದಿದ್ದು ಆ ನಿಂಬೆಹಣ್ಣೇ," ಎಂದಳು ಡಾಕ್ಟರು. "ತಿಕ್ಕಿದೋರು ಒಬ್ರು, ತಂದುಕೊಟ್ಟೋರು ಒಬ್ರು. ಒಳ್ಳೆ ಜೋಡಿ! ಈಗ ಏನು ಮಾಡ್ಲಿ?"

"ಸೀಳಮ್ಮ," ಎಂದು ತೋಮಾಸಾ ಬಾಯಿ ತೆರೆದಳು. "ಉಳಿಸ್ಕೊಡು."

ಸೀಳಿದ ಕ್ಯಾಪನ್ನು ಲಿಸಾಂದ್ರೊ ತೊಳೆದು ಜೇಬಿಗಿಟ್ಟುಕೊಂಡ. ನಾಲ್ಕಾರು ಸಲ ಓಡಾಡಿದ ಮೇಲೆ ತೋಮಾಸಾಳಿಗೆ ಬಿಳಿ ಹಲ್ಲು ಬಂತು. ಸಂತೆಯಲ್ಲಿ ಈಗಲೂ ಅವಳು ಚಿನ್ನದ ಹಲ್ಲಿನ ತೋಮಾಸಾಳೇ. ಹೊಸ ಗಿರಾಕಿಗಳು ಬಾಯಿ ನೋಡಿ ತಬ್ಬಿಬ್ಬಾಗುತ್ತಾರೆ, ಅವಳು ಇನ್ನಷ್ಟು ನಗುತ್ತಾಳೆ, ಬುಟ್ಟಿ ನನಗಿಂತ ಮೊದಲೇ ಖಾಲಿಯಾಗುತ್ತದೆ.

ಮೊನ್ನೆ ಶುಕ್ರವಾರ ಸಂಜೆ ಅವರ ಮನೆಗೆ ಹೋಗಿದ್ದೆ. ತೊಟ್ಟಿಯ ಮೇಲೆ ನಿಂಬೆಹಣ್ಣು ಇತ್ತು. ಅಭ್ಯಾಸಬಲ, ಅವನು ತಂದಿಟ್ಟಿದ್ದ. ತೋಮಾಸಾ ಅದನ್ನು ಎರಡು ಹೋಳು ಮಾಡಿ ಗಂಡನ ಕೋಳಿಸಾರಿನ ಬಟ್ಟಲಿಗೆ ಪೂರ್ತಿ ಹಿಂಡಿದಳು. ಲಿಸಾಂದ್ರೊ ಒಂದು ಗುಟುಕು ಕುಡಿದು ಮುಖ ಕಿವಿಚಿದ.

"ಹುಳಿ ಜಾಸ್ತಿ ಆಯ್ತು ಕಣೇ."

"ಮೂವತ್ತು ವರ್ಷ ನಾನು ತಡ್ಕೊಂಡಿದೀನಿ," ಎಂದಳು ತೋಮಾಸಾ. "ನೀನು ಒಂದು ಬಟ್ಟಲು ಕುಡಿ."

ಅವನು ತಳ ಕಾಣುವವರೆಗೂ ಕುಡಿದ.