ಉಸುಕಿನ ಮೇಲೆ ಪರೀಕ್ಷೆ

ನಿಜಾಮರ ಕಾಲದಲ್ಲಿ ನಾನು ಊರೂರು ತಿರುಗಿ ಸಾಲಿಮಕ್ಕಳ ಪರೀಕ್ಷೆ ತೆಗೆದುಕೊಳ್ಳುತ್ತಿದ್ದೆ. ಪರೀಕ್ಷೆ ಕಾಗದದ ಮೇಲೆಯೇ ಆಗಬೇಕು, ಉತ್ತರಗಳು ಮೇಲಿನ ಕಚೇರಿಗೆ ಹೋಗಬೇಕು ಎಂದು ಹುಕುಂ. ಹುಕುಂ ಬರೆದವರು ಹಳ್ಳಿಯ ಸಾಲಿ ಕಂಡವರಲ್ಲ.

ಹನುಮಸಾಗರದ ಆಚೆಯ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಕಾಗದ, ಮಸಿ ಕೊಟ್ಟೆ. ನೀಲವ್ವ ಎಂಬ ಹುಡುಗಿ ಎರಡಕ್ಷರ ಬರೆದಳು, ಸರಿಬರಲಿಲ್ಲವೆಂದು ಅಂಗೈಯಿಂದ ಒರೆಸಿದಳು. ಮತ್ತೆ ಬರೆದಳು, ಮತ್ತೆ ಒರೆಸಿದಳು. ಕಾಗದವೆಲ್ಲ ಕಪ್ಪಾಯಿತು, ಅವಳ ಕಣ್ಣು ತುಂಬಿತು. ಉಳಿದವರದೂ ಅದೇ ಕಥೆ.

"ಎಲ್ಲಾರೂ ನಪಾಸ್ ಏನ್ರಿ ಮಾಸ್ತರ್ರ?" ಎಂದೆ.

"ಇವ್ರು ಕಲ್ತದ್ದು ಉಸುಕಿನ್ಯಾಗ ರೀ ಸಾಹೇಬ್ರ. ತಪ್ಪಿದ್ರ ಒರಸೂದು ರೂಢಿ ಆಗೇತಿ. ಹಳ್ಳಕ್ಕ ಬರ್ರಿ, ಅಲ್ಲಿ ಬರಸ್ರಿ."

ಹೋದೆವು. ಒಣಗಿದ ಹಳ್ಳದ ಉದ್ದಕ್ಕೂ ಮಕ್ಕಳು ಬಗ್ಗಿ, ಬೆರಳಿನಿಂದ ಬರೆಯುತ್ತ ಸಾಗಿದರು. ಇಳಿಬಿಸಿಲಿಗೆ ಅಕ್ಷರಗಳೊಳಗೆ ನೆರಳು ತುಂಬಿ, ಹಳ್ಳದಲ್ಲಿ ಮತ್ತೆ ನೀರು ಹರಿದಂತೆ ಕಂಡಿತು. ನೀಲವ್ವನ ಸಾಲನ್ನು ಓದುತ್ತ ಅವಳ ಹಿಂದೆಯೇ ನಡೆದೆ. ಒಂದೂ ತಪ್ಪಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಗಾಳಿ ಅದನ್ನೂ ಒರೆಸಿತ್ತು.

ಎಲ್ಲರನ್ನೂ ಪಾಸು ಮಾಡಿದೆ. ಆದರೆ ಕಚೇರಿಗೆ ಉತ್ತರ ಎಲ್ಲಿಂದ ತರುವುದು? ಒಂದು ಹಿಡಿ ಉಸುಕನ್ನು ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ ಕಳಿಸಿಬಿಟ್ಟೆ. ನೌಕರಿ ಹೋಯಿತೆಂದೇ ತಿಂಗಳುಗಟ್ಟಲೆ ಕಾದೆ.

ಕಡೆಗೆ ಜವಾಬು ಬಂತು: "ಉತ್ತರ ಪತ್ರಿಕೆಗಳನ್ನು ಒಂದೊಂದಾಗಿ ಪರಿಶೀಲಿಸಲಾಗಿದೆ. ಅಕ್ಷರ ಇನ್ನೂ ದುಂಡಗಾಗಬೇಕು."